ಡಾಂಗಲ್ ಸಿಕ್ಕಿಸಿದರೆ ಸಿ.ಡಿ. ಕಾಣುತ್ತದೆ, ನೆಟ್ ಬರುವುದಿಲ್ಲ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದವು. ವಿಷಯ ಒಂದೇ: ಲಿನಕ್ಸ್ ಕಂಪ್ಯೂಟರಿಗೆ ಯುಎಸ್‌ಬಿ ಮೋಡೆಮ್, ಅಂದರೆ ಸಿಮ್ ಹಾಕುವ ಡಾಂಗಲ್, ಹಾಕಿ ಇಂಟರ್ನೆಟ್ ಪಡೆಯುವುದು. ಕೇಬಲ್ ಎಳೆಯಲು ಯಾರೂ ಬಾರದ ತೋಟದ ಮನೆಗೆ, ಗುಡ್ಡದ ಮಗ್ಗುಲಿನ ಶಾಲೆಗೆ ಇವತ್ತಿಗೂ ಇದೇ ದಾರಿ. ‘ಲಿನಕ್ಸಿಗೆ ಡಾಂಗಲ್ ಆಗಿಬರುವುದಿಲ್ಲ’ ಎಂದು ಕೈಬಿಡುವ ಮುಂಚೆ ಕೆಲಸ ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ನೋಡಿ. ಮೆಟ್ಟಿಲು ಐದೇ: ಕಂಪ್ಯೂಟರ್ ಡಾಂಗಲನ್ನು ಕಂಡಿತೇ, ಡಾಂಗಲ್ ಮೋಡೆಮ್ ಆಗಿ ಬದಲಾಯಿತೇ, ಸಿಮ್ ತೆರೆಯಿತೇ, ಟವರಿಗೆ ಸೇರಿತೇ, ಡೇಟಾ ಸಂಪರ್ಕ ಕೂಡಿತೇ. ಒಂದೊಂದನ್ನೂ ತೋರಿಸುವ ಆದೇಶ ಲಿನಕ್ಸಿನಲ್ಲೇ ಇದೆ.

ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚುಮಾಡಿದ್ದೇವೆ. ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಕೊಡುವ ಕಿಟಕಿಯಲ್ಲಿ, ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ; ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇವೆ. ಅಡ್ಡಗೆರೆ ಇದ್ದಲ್ಲಿ ಅಡ್ಡಗೆರೆ, ಜಾಗ ಬಿಟ್ಟಲ್ಲಿ ಜಾಗ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೇನೆ. ಡಾಂಗಲ್ ಸಿಕ್ಕಿಸಿದರೆ ಪರದೆಯ ಮೇಲೆ ಸಿ.ಡಿ.ಯ ಚಿತ್ರ ಬರುತ್ತದೆ. ಒಳಗೆ ವಿಂಡೋಸಿನ ಸೆಟಪ್ ಫೈಲ್ ಇದೆ. ವೈನ್ ಹಾಕಿ ಅದನ್ನು ಓಡಿಸಿದೆ, ಉಪಯೋಗವಾಗಲಿಲ್ಲ. ಲಿನಕ್ಸಿನ ಡ್ರೈವರ್ ಎಲ್ಲಿ ಸಿಗುತ್ತದೆ?
— ಓದುಗರೊಬ್ಬರು, ಆಲ್ದೂರು

ಉತ್ತರ: ಡ್ರೈವರ್ ಹುಡುಕಬೇಕಾಗಿಲ್ಲ, ಅದು ನಿಮ್ಮ ಕರ್ನಲ್ (ಲಿನಕ್ಸಿನ ತಿರುಳು) ಒಳಗೇ ಇದೆ. ಹೆಸರು ‘ಆಪ್ಷನ್’. ಈ ಬಗೆಯ ಬಹುತೇಕ ಡಾಂಗಲ್‌ಗಳನ್ನು ನಡೆಸುವುದು ಅದೇ. ತೊಡಕಿರುವುದು ಅದಕ್ಕಿಂತ ಒಂದು ಹೆಜ್ಜೆ ಹಿಂದೆ.

ಡಾಂಗಲ್ ತಯಾರಿಸುವವರು ವಿಂಡೋಸ್ ಡ್ರೈವರನ್ನು ಬೇರೆ ಸಿ.ಡಿ.ಯಲ್ಲಿ ಕೊಡುವ ಬದಲು ಡಾಂಗಲ್ಲಿನೊಳಗೇ ತುಂಬಿಟ್ಟರು. ಹಾಗಾಗಿ ಸಿಕ್ಕಿಸಿದ ಕೂಡಲೇ ಅದು ತನ್ನನ್ನು ಸಿ.ಡಿ. ಡ್ರೈವ್ ಎಂದು ಪರಿಚಯಿಸಿಕೊಳ್ಳುತ್ತದೆ. ವಿಂಡೋಸಿನಲ್ಲಿ ಆ ತಂತ್ರಾಂಶ ಒಂದು ಗುಟ್ಟಿನ ಸೂಚನೆ ಕಳಿಸಿದ ಮೇಲೆ ಡಾಂಗಲ್ ಒಮ್ಮೆ ಕಳಚಿಕೊಂಡು ಮೋಡೆಮ್ ವೇಷದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಲಿನಕ್ಸಿನಲ್ಲಿ ಆ ಸೂಚನೆ ಕಳಿಸುವ ಕೆಲಸ ‘ಯುಎಸ್‌ಬಿ-ಮೋಡ್‌ಸ್ವಿಚ್’ ಎಂಬ ಪುಟ್ಟ ತಂತ್ರಾಂಶದ್ದು. ವೈನ್‌ನಲ್ಲಿ ಸೆಟಪ್ ಓಡಿಸಿದರೂ ಆಗದಿರುವುದು ಸಹಜ; ವೈನ್ ವಿಂಡೋಸಿನ ಅಪ್ಲಿಕೇಶನ್ ನಡೆಸಬಲ್ಲದು, ಯುಎಸ್‌ಬಿ ಡ್ರೈವರ್ ಕೂರಿಸಲಾರದು. ಕೆಲವು ಡಾಂಗಲ್‌ಗಳ ಒಳಗೆ ‘ಲಿನಕ್ಸ್’ ಎಂಬ ಫೋಲ್ಡರ್ ಕೂಡ ಇರುತ್ತದೆ. ಅದರಲ್ಲಿರುವ ಇನ್‌ಸ್ಟಾಲ್ ಸ್ಕ್ರಿಪ್ಟನ್ನು ದಯವಿಟ್ಟು ಸುಡೊ (ಆದೇಶಕ್ಕೆ ಪೂರ್ಣ ಅಧಿಕಾರ ಕೊಡುವ ಪದ) ಕೊಟ್ಟು ಓಡಿಸಬೇಡಿ. ಹಳೆಯ ಕಾಲದ ಲಿನಕ್ಸಿಗೆ ಬರೆದದ್ದದು, ಈಗಿನ ವ್ಯವಸ್ಥೆಯ ಫೈಲುಗಳನ್ನು ಕೆಡಿಸುವುದೇ ಹೆಚ್ಚು.

ಈಗ ಕೆಲಸಕ್ಕೆ ಬನ್ನಿ. ಡಾಂಗಲ್ ಸಿಕ್ಕಿಸಿ ಅರ್ಧ ನಿಮಿಷ ಬಿಟ್ಟು ‘ಎಲ್‌ಎಸ್‌ಯುಎಸ್‌ಬಿ’ ಎಂದು ಹೊಡೆಯಿರಿ. ಸಾಲುಸಾಲಾಗಿ ಬರುವ ಪಟ್ಟಿಯಲ್ಲಿ ಪ್ರತಿ ಸಾಧನದ ಮುಂದೆ ನಾಲ್ಕು ಅಂಕೆ, ನಡುವೆ ಎರಡು ಚುಕ್ಕೆ, ಮತ್ತೆ ನಾಲ್ಕು ಅಂಕೆ ಇರುತ್ತವೆ. ಮೊದಲಿನದು ಕಂಪನಿಯ ಗುರುತು: ಹುವಾವೇ ಆದರೆ 12ಡಿ1, ಜ಼ಡ್‌ಟಿಇ ಆದರೆ 19ಡಿ2. ಎರಡನೆಯದೇ ಇಲ್ಲಿ ಮುಖ್ಯ, ವೇಷ ಬದಲಾದಂತೆ ಬದಲಾಗುವುದು ಅದು. ಹುವಾವೇಯ ಎಷ್ಟೋ 3ಜಿ ಡಾಂಗಲ್‌ಗಳು ಸಿ.ಡಿ. ವೇಷದಲ್ಲಿ 1446 ಎಂದು ತೋರಿಸುತ್ತವೆ. ಮೋಡೆಮ್ ಆದ ಮೇಲೆ 1001, 1436 ಇಂಥ ಬೇರೆ ಸಂಖ್ಯೆ ಬರುತ್ತದೆ. ಜ಼ಡ್‌ಟಿಇಯ ಹಲವು ಮಾದರಿಗಳಲ್ಲಿ 2000 ಇದ್ದದ್ದು 0031 ಆಗುತ್ತದೆ. ಡಾಂಗಲ್ ಕಿತ್ತು, ಮತ್ತೆ ಹಾಕಿ, 2 ಸೆಕೆಂಡಾದಾಗ ಒಂದು ಸಲ, 30 ಸೆಕೆಂಡಾದಾಗ ಇನ್ನೊಂದು ಸಲ ಈ ಸಂಖ್ಯೆ ಬರೆದುಕೊಳ್ಳಿ. ಎರಡೂ ಒಂದೇ ಆಗಿದ್ದರೆ ನೀವು ಎರಡನೇ ಮೆಟ್ಟಿಲಲ್ಲಿ ನಿಂತಿದ್ದೀರಿ.

‘ಡಿಪಿಕೆಜಿ -ಎಲ್ ಯುಎಸ್‌ಬಿ-ಮೋಡ್‌ಸ್ವಿಚ್’ ಎಂದು ಕೇಳಿ. ಉತ್ತರದ ಸಾಲು ‘ಐಐ’ ಎಂದು ಶುರುವಾದರೆ ತಂತ್ರಾಂಶ ಇದೆ. ಇಲ್ಲದಿದ್ದರೆ ‘ಸುಡೊ ಎಪಿಟಿ ಇನ್‌ಸ್ಟಾಲ್ ಯುಎಸ್‌ಬಿ-ಮೋಡ್‌ಸ್ವಿಚ್ ಮೋಡೆಮ್‌ಮ್ಯಾನೇಜರ್’. ಎಪಿಟಿ ಎಂದರೆ ತಂತ್ರಾಂಶ ಇಳಿಸಿ ಕೂರಿಸುವ ಆದೇಶ, ಮೋಡೆಮ್‌ಮ್ಯಾನೇಜರ್ ಎಂದರೆ ಮೋಡೆಮನ್ನು ನಡೆಸುವ ತಂತ್ರಾಂಶ. ನೆಟ್ ಬರಿಸಲು ನೆಟ್ ಬೇಕು ಎಂಬ ಪೇಚು ಇಲ್ಲಿ ಎದುರಾಗುತ್ತದೆ. ಅದಕ್ಕೆ ಸುಲಭದ ಉಪಾಯ, ಹತ್ತು ನಿಮಿಷದ ಮಟ್ಟಿಗೆ ಮೊಬೈಲ್ ಫೋನನ್ನೇ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿಕೊಳ್ಳುವುದು. ಕ್ರಮವನ್ನು ಅರಸೀಕೆರೆಯವರ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ನೋಡಿ.

ತಂತ್ರಾಂಶ ಇದ್ದೂ ಬದಲಾಗದಿದ್ದರೆ ಕೈಯಾರೆ ಮಾಡಿ. ಹುವಾವೇಗೆ ‘ಸುಡೊ ಯುಎಸ್‌ಬಿ_ಮೋಡ್‌ಸ್ವಿಚ್ -ವಿ 12ಡಿ1 -ಪಿ 1446 -ಜೆ’. ಕೊನೆಯ ಜೆ ದೊಡ್ಡಕ್ಷರ, ಹೆಸರಿನ ನಡುವೆ ಕೆಳಗೆರೆ. 1446 ಇರುವ ಜಾಗದಲ್ಲಿ ನಿಮಗೆ ಕಂಡ ಸಂಖ್ಯೆ ಹಾಕಿ. ಜ಼ಡ್‌ಟಿಇಗೆ ಜೆ ಬದಲು ದೊಡ್ಡಕ್ಷರದ ಕೆ; ಅದರ ಅರ್ಥ ‘ಸಿ.ಡಿ. ಹೊರಹಾಕು’ ಎಂದಷ್ಟೆ. ಅಂಥ ಡಾಂಗಲ್‌ಗಳಲ್ಲಿ ಪರದೆಯ ಮೇಲಿನ ಸಿ.ಡಿ. ಚಿತ್ರಕ್ಕೆ ಬಲಗುಂಡಿ ಒತ್ತಿ ‘ಇಜೆಕ್ಟ್’ ಎಂದರೂ ಎಷ್ಟೋ ಸಲ ಕೆಲಸ ಆಗಿಬಿಡುತ್ತದೆ.

ಬದಲಾಯಿತೋ ಇಲ್ಲವೋ ಎಂಬುದಕ್ಕೆ ಖಚಿತ ಸಾಕ್ಷಿ ‘ಸುಡೊ ಡಿಎಂಇಎಸ್‌ಜಿ’ ಕೊಡುವ ಕೊನೆಯ ಸಾಲುಗಳಲ್ಲಿದೆ. ‘ಜಿಎಸ್‌ಎಂ ಮೋಡೆಮ್ ಕನ್ವರ್ಟರ್’ ಜೋಡಣೆಯಾಯಿತು, ‘ಟಿಟಿವೈಯುಎಸ್‌ಬಿ0’ ಎಂಬ ಹೆಸರು ಸಿಕ್ಕಿತು ಎಂಬ ಅರ್ಥದ ಸಾಲುಗಳು ಕಾಣಬೇಕು. ಒಂದೇ ಡಾಂಗಲ್‌ಗೆ 0, 1, 2 ಎಂದು ಎರಡು–ಮೂರು ಹೆಸರು ಬಂದರೆ ಗಾಬರಿ ಬೇಡ. ಒಂದರಲ್ಲಿ ಡೇಟಾ ಹರಿಯುತ್ತದೆ, ಇನ್ನೊಂದರಲ್ಲಿ ಆದೇಶ, ಮತ್ತೊಂದು ತಯಾರಕರ ಪರೀಕ್ಷೆಗೆ.

ಅದರ ಬದಲು ‘ಎರರ್ -71’ ಅಥವಾ ‘ಎರರ್ -110’ ಕಂಡರೆ ತಂತ್ರಾಂಶ ಬಿಟ್ಟು ಪೋರ್ಟು, ಕೇಬಲ್ ನೋಡಿ. ಮೊದಲನೆಯದು ಯುಎಸ್‌ಬಿ ಮಾತುಕತೆ ತಪ್ಪಿದೆ ಎಂಬ ಸೂಚನೆ, ಎರಡನೆಯದು ಡಾಂಗಲ್ ವೇಳೆಗೆ ಉತ್ತರ ಕೊಡಲಿಲ್ಲ ಎಂಬುದು. ಎರಡಕ್ಕೂ ಸಾಮಾನ್ಯ ಕಾರಣ ಕರೆಂಟ್ ಸಾಲದಿರುವುದು ಅಥವಾ ಕೆಟ್ಟ ಕೇಬಲ್. ಯುಎಸ್‌ಬಿ 2.0 ಪೋರ್ಟು ಕೊಡುವುದು 500 ಮಿಲಿಆಂಪ್, 3.0 ಆದರೆ 900. ಸಿಗ್ನಲ್ ದೂರ ಇದ್ದಷ್ಟೂ ಡಾಂಗಲ್ ಜೋರಾಗಿ ಕೂಗಬೇಕು, ಆಗ ಕರೆಂಟ್ ಹೆಚ್ಚು ಎಳೆಯುತ್ತದೆ. ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟಿಗೆ ಕ್ಯಾಬಿನೆಟ್ಟಿನೊಳಗೆ ತೆಳು ತಂತಿ ಹೋಗಿರುತ್ತದೆ. ಹಾಗಾಗಿ ಹಿಂಬದಿಯಲ್ಲಿ, ನೇರ ಮದರ್‌ಬೋರ್ಡಿನ ಮೇಲಿರುವ ಪೋರ್ಟಿಗೇ ಹಾಕಿ. ಅದಕ್ಕೂ ಬಗ್ಗದಿದ್ದರೆ ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬೇಕು.

ಇನ್ನೊಂದು ಜಾತಿಯ ಡಾಂಗಲ್ ಇದೆ, ಅದಕ್ಕೆ ಈ ಯಾವ ತಾಪತ್ರಯವೂ ಇಲ್ಲ. ಹುವಾವೇ ಇದನ್ನು ‘ಹೈಲಿಂಕ್’ ಎನ್ನುತ್ತದೆ. ಡಯಲ್ ಮಾಡುವುದನ್ನು ಡಾಂಗಲ್ಲೇ ಮಾಡಿಕೊಂಡು ಕಂಪ್ಯೂಟರಿಗೆ ನೆಟ್‌ವರ್ಕ್ ಕಾರ್ಡಿನಂತೆ ಕಾಣುತ್ತದೆ. ತಂತಿ ಜೋಡಿಸಿದ ಹಾಗೆ ತಾನೇ ಸಂಪರ್ಕ ಕೂಡುತ್ತದೆ. ಸಿಮ್ ಪಿನ್, ಎಪಿಎನ್ (ಕಂಪನಿಯ ಡೇಟಾ ಜಾಲದ ಹೆಸರು) ಎಲ್ಲವನ್ನೂ ಬ್ರೌಸರಿನಲ್ಲಿ 192.168.8.1 ಎಂದು ಹೊಡೆದು ತುಂಬಬೇಕು. ಹೊಸದಾಗಿ ಕೊಳ್ಳುವವರಿಗೆ ನಾವು ಹೇಳುವುದು ಈ ಜಾತಿಯದ್ದನ್ನೇ.

ಪ್ರಶ್ನೆ: ನನ್ನ 3ಜಿ ಡಾಂಗಲ್ ಉಬುಂಟುವಿನಲ್ಲಿ ‘ಕನೆಕ್ಟೆಡ್’ ಎನ್ನುತ್ತದೆ, ಸಿಗ್ನಲ್ ಕಡ್ಡಿಗಳೂ ತುಂಬಿವೆ. ಆದರೆ ಒಂದು ಪುಟ ತೆರೆಯಲು ಐದು ನಿಮಿಷ ಬೇಕು. ಡಾಂಗಲ್ ಮೇಲೆ ಹಸಿರು ದೀಪ ಉರಿಯುತ್ತದೆ. ಏರ್‌ಟೆಲ್ ಸಿಮ್ ಹಾಕಿದ್ದೇನೆ. ಮನೆಯಲ್ಲಿರುವ ಜಿಯೊ ಸಿಮ್ ಹಾಕಿದರೆ ‘ಸರ್ಚಿಂಗ್’ನಲ್ಲೇ ನಿಲ್ಲುತ್ತದೆ. ಲಿನಕ್ಸಿನ ತೊಂದರೆಯೇ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಲಿನಕ್ಸಿನದಲ್ಲ. ವಿಂಡೋಸ್ ಹಾಕಿದರೂ ಹೀಗೇ ಆಗುತ್ತದೆ. ಉತ್ತರ ನಿಮ್ಮ ಹಸಿರು ದೀಪದಲ್ಲೇ ಇದೆ. ಹುವಾವೇಯ ಹಳೆಯ ಡಾಂಗಲ್‌ಗಳಲ್ಲಿ ಹಸಿರು ಎಂದರೆ 2ಜಿ, ನೀಲಿ ಎಂದರೆ 3ಜಿ. ಮಿಣುಕಿದರೆ ಟವರಿಗೆ ಸೇರಿದೆ, ಒಂದೇ ಸಮನೆ ಉರಿದರೆ ಡೇಟಾ ಕೂಡಿದೆ. ನಿಮ್ಮದು 2ಜಿಯಲ್ಲಿ ಕೂಡಿದೆ.

ಏರ್‌ಟೆಲ್ ತನ್ನ 3ಜಿ ಸೇವೆಯನ್ನು 2020ರ ಹೊತ್ತಿಗೆ ದೇಶದಾದ್ಯಂತ ನಿಲ್ಲಿಸಿ ಆ ತರಂಗಾಂತರಗಳನ್ನು 4ಜಿಗೆ ಬಳಸಿಕೊಂಡಿತು. 2ಜಿ ಮಾತ್ರ ಉಳಿಯಿತು. 4ಜಿ ಅರಿಯದ ಡಾಂಗಲ್‌ಗೆ ಸಿಗುವುದು ಆ 2ಜಿ ಒಂದೇ. ಅದರ ಎಡ್ಜ್ ತಂತ್ರದಲ್ಲಿ ಸಿದ್ಧಾಂತದ ವೇಗವೇ ಸೆಕೆಂಡಿಗೆ ಸುಮಾರು 237 ಕಿಲೋಬಿಟ್. ಕೈಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಈಗಿನ ಜಾಲತಾಣದ ಒಂದು ಮುಖಪುಟಕ್ಕೆ 2–3 ಮೆಗಾಬೈಟ್ ಬೇಕಾಗುತ್ತದೆ ಎಂದಿಟ್ಟುಕೊಳ್ಳಿ, ಐದು ನಿಮಿಷದ ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ. ಕಡ್ಡಿ ತುಂಬಿರುವುದು ನಿಜವೇ, ತುಂಬಿರುವುದು 2ಜಿಯ ಕಡ್ಡಿ. ಇನ್ನು ಜಿಯೊ 2016ರಲ್ಲಿ ಶುರುವಾದಾಗಿನಿಂದಲೇ 4ಜಿ. ಅದಕ್ಕೆ 2ಜಿ, 3ಜಿ ಎಂಬುದೇ ಇಲ್ಲ. ಆ ಸಿಮ್ ನಿಮ್ಮ ಡಾಂಗಲ್ಲಿನಲ್ಲಿ ಎಂದಿಗೂ ಟವರಿಗೆ ಸೇರುವುದಿಲ್ಲ.

ಯಾವ ಜಾಲಕ್ಕೆ ಸೇರಿದ್ದೀರಿ ಎಂದು ‘ಎಂಎಂಸಿಎಲ್‌ಐ -ಎಂ ಎನಿ’ ತೋರಿಸುತ್ತದೆ. ಉದ್ದನೆಯ ಉತ್ತರದಲ್ಲಿ ‘ಸ್ಟೇಟ್’, ‘ಆಕ್ಸೆಸ್ ಟೆಕ್’ ಎಂಬ ಎರಡು ಸಾಲು ಸಾಕು. ‘ಆಕ್ಸೆಸ್ ಟೆಕ್’ ಮುಂದೆ ‘ಎಡ್ಜ್’ ಅಥವಾ ‘ಜಿಪಿಆರ್‌ಎಸ್’ ಎಂದಿದ್ದರೆ 2ಜಿ. ‘ಯುಎಂಟಿಎಸ್’, ‘ಎಚ್‌ಎಸ್‌ಪಿಎ’ ಎಂದರೆ 3ಜಿ. ‘ಎಲ್‌ಟಿಇ’ ಎಂದರೆ 4ಜಿ. ‘ಸ್ಟೇಟ್’ ಎಂಬಲ್ಲಿ ‘ಲಾಕ್ಡ್’ ಎಂದು ಬಂದರೆ ಸಿಮ್ ಪಿನ್ ಕೇಳುತ್ತಿದೆ. ಅಂದಾಜಿನ ಮೇಲೆ ಪಿನ್ ಹಾಕಬೇಡಿ. ಮೂರು ಸಲ ತಪ್ಪಿದರೆ ಪಿಯುಕೆ (ಪಿನ್ ಬೀಗ ಬಿಡಿಸುವ ಸಂಖ್ಯೆ) ಕೇಳುತ್ತದೆ, ಅದನ್ನೂ ಹತ್ತು ಸಲ ತಪ್ಪಿದರೆ ಸಿಮ್ಮೇ ಸತ್ತುಹೋಗುತ್ತದೆ. ಫೋನಿಗೆ ಸಿಮ್ ಹಾಕಿ ಪಿನ್ ಬೀಗ ತೆಗೆದುಕೊಂಡು ಬರುವುದು ಕ್ಷೇಮ.

4ಜಿ ಡಾಂಗಲ್ ಕೊಳ್ಳುವಾಗ ಡಬ್ಬಿಯ ಮೇಲೆ ‘4ಜಿ’ ಎಂದಿದ್ದರೆ ಸಾಲದು, ಬ್ಯಾಂಡ್ ಸಂಖ್ಯೆ (ಯಾವ ತರಂಗಾಂತರ ಎಂಬ ಗುರುತು) ಓದಿ. ಜಿಯೊ 4ಜಿಗೆ ಬ್ಯಾಂಡ್ 3, 5, 40 ಬೇಕು. ಬಿಎಸ್‌ಎನ್‌ಎಲ್ 4ಜಿಗೆ 1 ಮತ್ತು 28. ಹೊರದೇಶದಿಂದ ತಂದ ಅಗ್ಗದ ಡಾಂಗಲ್‌ಗಳಲ್ಲಿ 5 ಅಥವಾ 28 ಇಲ್ಲದಿರುವುದುಂಟು. ಪಟ್ಟಣದಲ್ಲಿ ಚೆನ್ನಾಗಿ ಓಡಿದ್ದು ತೋಟಕ್ಕೆ ಬಂದ ಕೂಡಲೇ ನಿಲ್ಲುವುದು ಇದರಿಂದಲೇ, ಯಾಕೆಂದರೆ ದೂರಕ್ಕೆ, ಮರಗಳ ನಡುವೆ ಚೆನ್ನಾಗಿ ತಲುಪುವುದು ಇವೆರಡು ತಗ್ಗಿನ ತರಂಗಾಂತರಗಳೇ: 850 ಮತ್ತು 700 ಮೆಗಾಹರ್ಟ್ಜ್. ಕಂಪನಿಯವರೇ ಮಾರಿದ ಡಾಂಗಲ್ ಆದರೆ ಅದು ಬೇರೆ ಸಿಮ್ ಒಪ್ಪುತ್ತದೆಯೇ ಎಂದೂ ಅಂಗಡಿಯಲ್ಲೇ ಹಾಕಿ ನೋಡಿ.

ಹೊಸ ಡಾಂಗಲ್ ಹಾಕಿದ ಮೇಲೆ ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ‘ಮೊಬೈಲ್ ಬ್ರಾಡ್‌ಬ್ಯಾಂಡ್’ ಸಂಪರ್ಕ ಹೊಸದಾಗಿ ಮಾಡಿ. ಹಳೆಯದರಲ್ಲಿ ಬೇರೆ ಕಂಪನಿಯ ಎಪಿಎನ್ ಉಳಿದಿದ್ದರೆ ಟವರಿಗೆ ಸೇರಿಯೂ ಡೇಟಾ ಕೂಡುವುದಿಲ್ಲ. ಎಪಿಎನ್ ಜಾಗದಲ್ಲಿ ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’, ಏರ್‌ಟೆಲ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್’, ಜಿಯೊಗೆ ‘ಜಿಯೊನೆಟ್’. ನಡುವೆ ಜಾಗ ಇರಬಾರದು, ‘ಡಾಟ್’ ಎಂದಲ್ಲಿ ಚುಕ್ಕೆ. ಬಳಕೆದಾರ ಹೆಸರು, ಪಾಸ್‌ವರ್ಡ್ ಖಾಲಿ ಬಿಡಿ.

ಪ್ರಶ್ನೆ: ಡಾಂಗಲ್ ಇಲ್ಲ. ಆಂಡ್ರಾಯ್ಡ್ ಫೋನನ್ನೇ ಲಿನಕ್ಸ್ ಕಂಪ್ಯೂಟರಿಗೆ ಮೋಡೆಮ್ ಆಗಿ ಬಳಸಬಹುದೇ? ಕೇಬಲ್ ಹಾಕಿದರೆ ಚಾರ್ಜ್ ಮಾತ್ರ ಆಗುತ್ತದೆ.
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಬಳಸಬಹುದು, ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಮೊದಲು ಕೇಬಲ್ ಬದಲಿಸಿ. ಯುಎಸ್‌ಬಿ ಕೇಬಲ್ಲಿನೊಳಗೆ ಕರೆಂಟಿಗೆ ಎರಡು ತಂತಿ, ಡೇಟಾಕ್ಕೆ ಎರಡು ತಂತಿ ಇರಬೇಕು. ಚಾರ್ಜಿಗೆಂದೇ ಮಾರುವ ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಫೋನ್ ಜೋಡಿಸಿ ‘ಎಲ್‌ಎಸ್‌ಯುಎಸ್‌ಬಿ’ ಹೊಡೆದಾಗ ಫೋನಿನ ಹೆಸರು ಬರದಿದ್ದರೆ ತಪ್ಪು ಕೇಬಲ್ಲಿನದೆಂದೇ ತಿಳಿಯಿರಿ.

ಹೆಸರು ಬಂದರೆ, ಫೋನಿನ ಸೆಟ್ಟಿಂಗ್ಸಿನಲ್ಲಿ ‘ಹಾಟ್‌ಸ್ಪಾಟ್ ಮತ್ತು ಟೆದರಿಂಗ್’ ತೆರೆದು ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿ. ಕೇಬಲ್ ಜೋಡಿಸುವ ಮುಂಚೆ ಆ ಗುಂಡಿ ಮಂಕಾಗಿಯೇ ಇರುತ್ತದೆ, ಆದ್ದರಿಂದ ಕೇಬಲ್ ಮೊದಲು, ಗುಂಡಿ ಆಮೇಲೆ. ಕೆಲವೇ ಸೆಕೆಂಡಿನಲ್ಲಿ ಕಂಪ್ಯೂಟರಿನಲ್ಲಿ ‘ವೈರ್ಡ್’ ಸಂಪರ್ಕ ಎಂದು ಕಾಣಿಸುತ್ತದೆ. ಎಪಿಎನ್ ಇಲ್ಲ, ಡಯಲಿಂಗ್ ಇಲ್ಲ. ಫೋನಿನ ವೈಫೈ ಆನ್ ಇದ್ದರೆ ಅದೇ ಕೇಬಲ್ಲಿನಲ್ಲಿ ವೈಫೈ ನೆಟ್ಟೂ ಬರುತ್ತದೆ. ವೈಫೈ ಡ್ರೈವರ್ ಸಿಗದ ಲ್ಯಾಪ್‌ಟಾಪ್‌ಗೆ ಇದು ಒಳ್ಳೆಯ ಆಸರೆ. ಐಫೋನ್ ಆದರೆ ‘ಯುಎಸ್‌ಬಿಮಕ್ಸ್‌ಡಿ’ ಎಂಬ ತಂತ್ರಾಂಶ ಇರಬೇಕು, ಫೋನಿನಲ್ಲಿ ‘ಟ್ರಸ್ಟ್’ ಒತ್ತಬೇಕು.

ದಿನವಿಡೀ ಹೀಗೇ ಬಳಸುವುದಾದರೆ ಫೋನ್ ಬಿಸಿಯಾಗದಂತೆ ನೋಡಿಕೊಳ್ಳಿ. ದಿಂಬು, ಹಾಸಿಗೆಯ ಮೇಲಿಡಬೇಡಿ.

ಪ್ರಶ್ನೆ: ಕಾಫಿ ತೋಟದ ನಡುವಿನ ಮನೆ, ಮೇಲೆ ತಗಡಿನ ಶೀಟು. 4ಜಿ ಡಾಂಗಲ್ ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ, ಮಳೆಗಾಲದಲ್ಲಿ ಗಂಟೆಗೆ ನಾಲ್ಕು ಸಲ ಕಡಿಯುತ್ತದೆ. ಬೂಸ್ಟರ್ ಕೊಳ್ಳಲು ಹೇಳುತ್ತಿದ್ದಾರೆ. ಕೊಳ್ಳಲೇ?
— ಓದುಗರೊಬ್ಬರು, ಕಳಸ

ಉತ್ತರ: ಬೂಸ್ಟರ್ ಬೇಡ. ಅನುಮತಿಯಿಲ್ಲದೆ ಮೊಬೈಲ್ ಸಿಗ್ನಲ್ ಬೂಸ್ಟರ್ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಅದು ಟವರಿಗೆ ಗದ್ದಲ ತುಂಬಿ ಸುತ್ತಲಿನವರ ಫೋನನ್ನೂ ಕೆಡಿಸುತ್ತದೆ. ಅದಕ್ಕೆ ಹಾಕುವ ದುಡ್ಡಿನ ಸಣ್ಣ ಪಾಲಿನಲ್ಲಿ ಆಗುವ ಕೆಲಸ ಬೇರೆ ಇದೆ.

ಮಳೆಯ ಹನಿ ಈ ತರಂಗಾಂತರಗಳ ಸಿಗ್ನಲ್ಲನ್ನು ತಿನ್ನುವುದು ತೀರ ಕಡಿಮೆ. ತಿನ್ನುವುದು ನೆನೆದ ಎಲೆ. ಸಿಲ್ವರ್ ಓಕ್, ಹಲಸು, ಅತ್ತಿಯ ನೆರಳು ದಟ್ಟವಾಗಿರುವ ತೋಟದಲ್ಲಿ ನಿಮ್ಮ ಮನೆಗೂ ಟವರಿಗೂ ನಡುವೆ ನೂರಾರು ಮೀಟರ್ ಹಸಿ ಎಲೆಯ ಗೋಡೆ ನಿಂತಂತೆ. ಬೇಸಿಗೆಯಲ್ಲೇ ಅಂಚಿನಲ್ಲಿದ್ದ ಸಿಗ್ನಲ್ ಆಗ ಅಂಚು ದಾಟಿಬಿಡುತ್ತದೆ. ತಗಡಿನ ಶೀಟು ಮೇಲಿನಿಂದ ಬರುವುದನ್ನು ಪೂರ್ತಿ ತಡೆಯುತ್ತದೆ. ಕರೆಂಟ್ ಹೋಗಿ ಬಹಳ ಹೊತ್ತಾದರೆ ಟವರಿನ ಬ್ಯಾಟರಿಯೂ ಇಳಿಯುತ್ತದೆ. ಊರಿಗೆಲ್ಲ ಸಿಗ್ನಲ್ ಹೋದಾಗ ನಿಮ್ಮ ಡಾಂಗಲನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಸಿಗ್ನಲ್ಲನ್ನು ಕಡ್ಡಿಯಲ್ಲಿ ನೋಡಬೇಡಿ, ಅಂಕಿಯಲ್ಲಿ ನೋಡಿ. ‘ಸುಡೊ ಎಂಎಂಸಿಎಲ್‌ಐ -ಎಂ ಎನಿ --ಸಿಗ್ನಲ್-ಸೆಟಪ್=5’ ಎಂದು ಒಮ್ಮೆ ಹೊಡೆದರೆ 5 ಸೆಕೆಂಡಿಗೊಮ್ಮೆ ಅಳೆಯಲು ಶುರುಮಾಡುತ್ತದೆ. ಆಮೇಲೆ ‘ಎಂಎಂಸಿಎಲ್‌ಐ -ಎಂ ಎನಿ --ಸಿಗ್ನಲ್-ಗೆಟ್’ ಎಂದಾಗಲೆಲ್ಲ ‘ಆರ್‌ಎಸ್‌ಆರ್‌ಪಿ’ ಎಂಬ ಸಾಲಿನಲ್ಲಿ ಋಣ ಚಿಹ್ನೆಯ ಒಂದು ಸಂಖ್ಯೆ ಬರುತ್ತದೆ. -90ರ ಒಳಗಿದ್ದರೆ ಚೆನ್ನ, -100 ಆಸುಪಾಸು ಪರವಾಗಿಲ್ಲ, -110 ದಾಟಿದರೆ ತೂಗುಯ್ಯಾಲೆ, -120ಕ್ಕೆ ಕಡಿಯುವುದೇ. ಹೈಲಿಂಕ್ ಡಾಂಗಲ್ ಆದರೆ ಎಂಎಂಸಿಎಲ್‌ಐಗೆ ಅದು ಕಾಣುವುದಿಲ್ಲ, ಬ್ರೌಸರಿನ ಪುಟದಲ್ಲೇ ಹುಡುಕಬೇಕು.

ಲ್ಯಾಪ್‌ಟಾಪ್ ಹಿಡಿದು ಮನೆಯೊಳಗೆ ಓಡಾಡಿ. ಅಡುಗೆಮನೆ, ನಡುಮನೆ, ಜಗಲಿ, ಅಟ್ಟದ ಕಿಟಕಿ, ಕಾಫಿ ಕಣದ ಬದಿ: ಒಂದೊಂದು ಕಡೆ ಡಾಂಗಲನ್ನು ಅಲುಗಿಸದೆ ಐದು ನಿಮಿಷ ಇಟ್ಟು ಅಂಕಿ ಬರೆದುಕೊಳ್ಳಿ. ನಡುಮನೆಯಲ್ಲಿ -116 ಇದ್ದದ್ದು ಅಟ್ಟದ ಕಿಟಕಿಯಲ್ಲಿ -104 ಆದರೆ 12 ಡೆಸಿಬೆಲ್ ಗಳಿಸಿದಿರಿ, ಅಂದರೆ ಹದಿನಾರು ಪಟ್ಟು ಹೆಚ್ಚು ಬಲ. ಯಾವ ಸಾಧನವೂ ಇಷ್ಟು ಅಗ್ಗಕ್ಕೆ ಇದನ್ನು ಕೊಡುವುದಿಲ್ಲ. ಹೆಚ್ಚಾಗಿ ಕಣದ ಬದಿಯೇ ಗೆಲ್ಲುತ್ತದೆ, ಯಾಕೆಂದರೆ ಅಲ್ಲಿ ಮರ ಕಡಿದು ಬಯಲು ಮಾಡಿರುತ್ತಾರೆ.

ಜಾಗ ಗೊತ್ತಾದ ಮೇಲೆ ಡಾಂಗಲನ್ನು ಅಲ್ಲಿಗೆ ಒಯ್ಯಿರಿ, ಕಂಪ್ಯೂಟರ್ ಇದ್ದಲ್ಲೇ ಇರಲಿ. ಯುಎಸ್‌ಬಿ 2.0 ಕೇಬಲ್ 5 ಮೀಟರ್‌ವರೆಗೆ ಹೋಗಬಹುದು, ಆದರೆ ಅಗ್ಗದ ಎಕ್ಸ್‌ಟೆನ್ಷನ್ ತಂತಿಯಲ್ಲಿ ವೋಲ್ಟೇಜ್ ಇಳಿಯುವುದರಿಂದ 3 ಮೀಟರಿಗೆ ನಿಲ್ಲಿಸಿ, ದಪ್ಪ ತಂತಿಯದ್ದನ್ನು ಕೊಳ್ಳಿ. ಇನ್ನೂ ದೂರ ಬೇಕಾದರೆ ಯುಎಸ್‌ಬಿ ಪೋರ್ಟು ಇರುವ ರೌಟರನ್ನು ಅಟ್ಟದಲ್ಲಿಟ್ಟು ಡಾಂಗಲನ್ನು ಅದಕ್ಕೇ ಸಿಕ್ಕಿಸಿ, ಅಲ್ಲಿಂದ ಕೆಳಗೆ ಈಥರ್ನೆಟ್ ತಂತಿ ಇಳಿಸಿ. ಅದು 100 ಮೀಟರ್ ತನಕ ಎಳೆದರೂ ಏನೂ ಕಳೆದುಕೊಳ್ಳುವುದಿಲ್ಲ. ಹೊರಗಿನ ಆಂಟೆನಾ ಬಗ್ಗೆ ಒಂದು ಎಚ್ಚರಿಕೆ: ಡಾಂಗಲ್ಲಿನಲ್ಲಿ ಆಂಟೆನಾ ತೂತು ಇರಬೇಕು. ಹುವಾವೇ ಇ3372ರಲ್ಲಿ ಮುಚ್ಚಳದಡಿ ಸಿಆರ್‌ಸಿ9 ಎಂಬ ಅಳತೆಯ ಎರಡು ತೂತಿವೆ. ಆದರೆ ಆಂಟೆನಾದಿಂದ ಬರುವ ತೆಳು ತಂತಿಯೇ ಗಳಿಸಿದ್ದನ್ನು ದಾರಿಯಲ್ಲಿ ತಿಂದುಹಾಕುತ್ತದೆ. ಹತ್ತು ಮೀಟರ್ ತೆಳು ತಂತಿಯ ಆಂಟೆನಾಕ್ಕಿಂತ ಅಟ್ಟದ ಮೇಲೇರಿದ ಬರಿ ಡಾಂಗಲ್ ಮೇಲು.

ಡಾಂಗಲನ್ನು ಸೂರಿನ ಹೊರಗೆ ಕಟ್ಟುವುದಾದರೆ ಪ್ಲಾಸ್ಟಿಕ್ ಡಬ್ಬಿಯೊಳಗೆ, ತಂತಿಯ ತೂತು ಕೆಳಮುಖವಾಗಿರಲಿ. ತಂತಿ ಒಳಬರುವ ಮುಂಚೆ ಅದನ್ನು ಒಂದು ಗೇಣು ಕೆಳಕ್ಕೆ ಬಳುಕಿಸಿ ಮತ್ತೆ ಮೇಲಕ್ಕೆ ತನ್ನಿ. ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಕಂಪ್ಯೂಟರಿಗೆ ಹರಿದು ಬರುವುದಿಲ್ಲ. ಗುಡುಗು ಶುರುವಾದರೆ ಡಾಂಗಲ್ಲಿನ ತಂತಿಯನ್ನು ಕಂಪ್ಯೂಟರಿನಿಂದ ಕೀಳಿ. ಸಿಡಿಲಿನ ಹೊಡೆತ ಪ್ಲಗ್ಗಿನಿಂದಷ್ಟೇ ಬರುವುದಲ್ಲ, ಹೊರಗೆ ಹೋದ ಯಾವ ತಂತಿಯಿಂದಲೂ ಬರುತ್ತದೆ.

ಕೊನೆಗೊಂದು ಪ್ರಯೋಗ. ಡಾಂಗಲ್ ಎರಡು ಬ್ಯಾಂಡುಗಳ ನಡುವೆ ಜಿಗಿದಾಡುತ್ತಾ ಪ್ರತಿ ಜಿಗಿತಕ್ಕೂ ಕಡಿಯುವುದುಂಟು. ಜಿಯೊ ಸಿಮ್ ಆದರೆ ‘ಸುಡೊ ಎಂಎಂಸಿಎಲ್‌ಐ -ಎಂ ಎನಿ --ಸೆಟ್-ಕರೆಂಟ್-ಬ್ಯಾಂಡ್ಸ್=ಇಯುಟ್ರಾನ್-5’ ಎಂದು ಕೊಟ್ಟು 850ಕ್ಕೇ ಕಟ್ಟಿಹಾಕಿ ನೋಡಿ. ವೇಗ ಇಳಿಯಬಹುದು, ಆದರೆ ಸಂಪರ್ಕಕ್ಕೆ ಸ್ಥಿರತೆ ಬರುತ್ತದೆ. ಟವರ್ ಸಿಗದೆ ಹೋದರೆ ಕೊನೆಯ ಪದದ ಜಾಗದಲ್ಲಿ ‘ಎನಿ’ ಹಾಕಿ ಮೊದಲಿನಂತೆ ಬಿಡಿ. ಎಲ್ಲ ಡಾಂಗಲ್ಲೂ ಈ ಆದೇಶ ಒಪ್ಪುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಉಬುಂಟು ಹಾಕಿದ ಆರು ಕಂಪ್ಯೂಟರುಗಳಿವೆ, ಡಾಂಗಲ್ ಒಂದೇ. ಎಲ್ಲಕ್ಕೂ ನೆಟ್ ಹಂಚುವುದು ಹೇಗೆ? ದಿನಕ್ಕೆ 2 ಜಿಬಿ ಮಾತ್ರ, ಮಕ್ಕಳು ಕೂರುವ ಮುಂಚೆಯೇ ಖಾಲಿಯಾಗುತ್ತದೆ.
— ಶಿಕ್ಷಕರೊಬ್ಬರು, ಅರಕಲಗೂಡು

ಉತ್ತರ: ಗುರುಗಳೇ, ಬೇಕಾಗುವ ಸಾಮಾನು ಇಷ್ಟೆ: 8 ಪೋರ್ಟಿನ ಒಂದು ನೆಟ್‌ವರ್ಕ್ ಸ್ವಿಚ್, ಆರು ಈಥರ್ನೆಟ್ ತಂತಿ. ಡಾಂಗಲ್ ಇರುವ ಕಂಪ್ಯೂಟರನ್ನೂ ಸೇರಿಸಿ ಎಲ್ಲವನ್ನೂ ಸ್ವಿಚ್ಚಿಗೆ ಜೋಡಿಸಿ. ಡಾಂಗಲ್ ಇರುವ ಕಂಪ್ಯೂಟರಿನಲ್ಲಿ ‘ಎನ್‌ಎಂ-ಕನೆಕ್ಷನ್-ಎಡಿಟರ್’ ತೆರೆದು, ವೈರ್ಡ್ ಸಂಪರ್ಕದ ಐಪಿವಿ4 ಪುಟದಲ್ಲಿ ವಿಧಾನವನ್ನು ‘ಇತರ ಕಂಪ್ಯೂಟರುಗಳೊಡನೆ ಹಂಚಿಕೊಳ್ಳು’ ಎಂದು ಮಾಡಿ ಉಳಿಸಿ. ಆ ಕಂಪ್ಯೂಟರ್ 10.42.0.1 ಆಗುತ್ತದೆ, ಉಳಿದ ಐದಕ್ಕೂ ತಾನೇ 10.42.0 ಸಾಲಿನ ವಿಳಾಸ ಹಂಚುತ್ತದೆ. ಆ ಐದರಲ್ಲಿ ಏನೂ ಬದಲಿಸಬೇಕಿಲ್ಲ.

ಅವುಗಳಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ ಹಂಚಿಕೆ ತಲುಪಿಲ್ಲ ಎಂದರ್ಥ. ಸಾಮಾನ್ಯ ಕಾರಣ ಎರಡು. ಒಂದು, ಮುಖ್ಯ ಕಂಪ್ಯೂಟರಿನಲ್ಲಿ ವೈರ್ಡ್ ಸಂಪರ್ಕದ ಎರಡು ದಾಖಲೆಗಳಿದ್ದು ಹಳೆಯ ‘ಆಟೊಮ್ಯಾಟಿಕ್’ ದಾಖಲೆಯೇ ಚಾಲೂ ಆಗಿರುವುದು, ಅದನ್ನು ಅಳಿಸಿ. ಎರಡು, ‘ಯುಎಫ್‌ಡಬ್ಲ್ಯು’ ಎಂಬ ಫೈರ್‌ವಾಲ್ ತಡೆಯುವುದು. ಈಥರ್ನೆಟ್ಟಿನ ಹೆಸರು ‘ಇಎನ್‌ಪಿ3ಎಸ್0’ ಎಂದಿದ್ದರೆ ‘ಸುಡೊ ಯುಎಫ್‌ಡಬ್ಲ್ಯು ಅಲೋ ಇನ್ ಆನ್ ಇಎನ್‌ಪಿ3ಎಸ್0’, ಆಮೇಲೆ ‘ಸುಡೊ ಯುಎಫ್‌ಡಬ್ಲ್ಯು ರೌಟ್ ಅಲೋ ಇನ್ ಆನ್ ಇಎನ್‌ಪಿ3ಎಸ್0’. ವಿಳಾಸ ಬಂದೂ ನೆಟ್ ಬಾರದಿದ್ದರೆ ಬಿಟ್ಟುಹೋಗಿರುವುದು ಈ ಎರಡನೆಯದು.

ಇನ್ನು 2 ಜಿಬಿಯ ಮಾತು. ಅದನ್ನು ಮುಗಿಸುತ್ತಿರುವುದು ಬಹುಮಟ್ಟಿಗೆ ತಾನೇ ಇಳಿಯುವ ಅಪ್‌ಡೇಟ್‌ಗಳೇ ಇರಬೇಕು. ಒಂದು ಕಂಪ್ಯೂಟರಿಗೆ 400 ಎಂಬಿ ಎಂದುಕೊಂಡರೂ ಆರಕ್ಕೆ 2.4 ಜಿಬಿ, ಬೆಳಗಿನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ದಿನದ ಪಾಲು ಹೋಯಿತು. ಮುಖ್ಯ ಕಂಪ್ಯೂಟರಿಗೆ ‘ಎಪಿಟಿ-ಕ್ಯಾಷರ್-ಎನ್‌ಜಿ’ ಹಾಕಿ. ಒಂದು ಪ್ಯಾಕೇಜನ್ನು ಒಮ್ಮೆ ಮಾತ್ರ ಇಳಿಸಿಕೊಂಡು ಉಳಿದವಕ್ಕೆ ತನ್ನಲ್ಲಿಂದಲೇ ಕೊಡುತ್ತದೆ, ಆಗ 2.4 ಜಿಬಿ ಇದ್ದದ್ದು 400 ಎಂಬಿಗೆ ಇಳಿಯುತ್ತದೆ. ಮುಖ್ಯ ಕಂಪ್ಯೂಟರೂ ಸೇರಿ ಆರರಲ್ಲೂ ಎಪಿಟಿಯ ಎಚ್‌ಟಿಟಿಪಿ ಪ್ರಾಕ್ಸಿಯನ್ನು (ನಡುವೆ ನಿಂತು ತಂದುಕೊಡುವ ಕಂಪ್ಯೂಟರಿನ ವಿಳಾಸ) 10.42.0.1, ಪೋರ್ಟ್ 3142 ಎಂದು ಕೊಡಬೇಕು. ಉಬುಂಟುವಿನ ಇನ್ನೊಂದು ಬಗೆಯಾದ ಸ್ನ್ಯಾಪ್ ಪ್ಯಾಕೇಜುಗಳು ಈ ದಾರಿಯಲ್ಲಿ ಬರುವುದಿಲ್ಲ. ಅವಕ್ಕೆ ಪ್ರತಿ ಕಂಪ್ಯೂಟರಿನಲ್ಲೂ ‘ಸುಡೊ ಸ್ನ್ಯಾಪ್ ಸೆಟ್ ಸಿಸ್ಟಮ್ ರಿಫ್ರೆಶ್.ಮೀಟರ್ಡ್=ಹೋಲ್ಡ್’ ಎಂದು ಹೊಡೆದು, ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ಸಂಪರ್ಕವನ್ನು ‘ಮೀಟರ್ಡ್’ (ಮಿತಿಯ ಡೇಟಾ) ಎಂದು ಗುರುತು ಮಾಡಿ; ಗುರುತು ಮಾಡದಿದ್ದರೆ ಆದೇಶಕ್ಕೆ ಬೆಲೆಯಿಲ್ಲ. ಎಷ್ಟು ಖರ್ಚಾಯಿತು ಎಂದು ದಿನದಿನದ ಲೆಕ್ಕ ಇಡಲು ಮುಖ್ಯ ಕಂಪ್ಯೂಟರಿನಲ್ಲಿ ‘ವಿಎನ್‌ಸ್ಟ್ಯಾಟ್’ ಸಾಕು.

ಪ್ರಶ್ನೆ: ಡಾಂಗಲ್ ಕೂಡುತ್ತದೆ, ಪಿಂಗ್ (ಸಂಪರ್ಕ ಪರೀಕ್ಷೆ) ಮಾಡಿದರೆ ಉತ್ತರವೂ ಬರುತ್ತದೆ. ಆದರೆ ಬ್ಯಾಂಕಿನದೂ ಸೇರಿ ಎಲ್ಲ ಜಾಲತಾಣಗಳೂ ‘ಸುರಕ್ಷಿತವಲ್ಲ’ ಎನ್ನುತ್ತವೆ. ಅಪ್‌ಡೇಟ್ ಕೂಡ ಆಗುವುದಿಲ್ಲ.
— ಓದುಗರೊಬ್ಬರು, ತರೀಕೆರೆ

ಉತ್ತರ: ಪರದೆಯ ಮೂಲೆಯಲ್ಲಿ ತಾರೀಖು ನೋಡಿ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಮೇಲಿರುವ ನಾಣ್ಯದಂಥ ಬ್ಯಾಟರಿ ಸತ್ತರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಜಾಲತಾಣದ ಪ್ರಮಾಣಪತ್ರಕ್ಕೆ ಶುರುವಿನ ದಿನ, ಮುಗಿಯುವ ದಿನ ಇರುತ್ತವೆ. ನಿಮ್ಮ ಕಂಪ್ಯೂಟರಿನ ಪಾಲಿಗೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. ಎಪಿಟಿ ‘ಇನ್ನೂ ಸಿಂಧುವಾಗಿಲ್ಲ’ ಎಂದು ನಿಲ್ಲುವುದೂ ಇದಕ್ಕೇ. ಎಚ್ಚರಿಕೆ ದಾಟಿ ಬ್ಯಾಂಕಿನ ಪುಟಕ್ಕೆ ಮಾತ್ರ ಹೋಗಬೇಡಿ. ತಾರೀಖು, ವೇಳೆ ಸರಿಮಾಡಿ ಬ್ರೌಸರ್ ಮುಚ್ಚಿ ತೆರೆಯಿರಿ. ಆಮೇಲೆ ಸಿಆರ್2032 ಬ್ಯಾಟರಿ ತಂದು, ಕಂಪ್ಯೂಟರಿನ ಪ್ಲಗ್ ಕಿತ್ತು, ಹಳೆಯದನ್ನು ತೆಗೆದು, ಬರಹವಿರುವ ಮುಖ ಮೇಲಾಗಿ ಕೂರಿಸಿ.

ಪ್ರಶ್ನೆ: ಹಳೆಯ ಅಭ್ಯಾಸದಂತೆ ಡಯಲ್ ಮಾಡಲು ‘ಡಬ್ಲ್ಯುವಿಡಯಲ್’ ತಂತ್ರಾಂಶ ಬಳಸುತ್ತೇನೆ. ಒಮ್ಮೊಮ್ಮೆ ‘ಡಿವೈಸ್ ಬ್ಯುಸಿ’, ಒಮ್ಮೊಮ್ಮೆ ‘ಪರ್ಮಿಷನ್ ಡಿನೈಡ್’ ಎನ್ನುತ್ತದೆ.
— ಓದುಗರೊಬ್ಬರು, ಕಡೂರು

ಉತ್ತರ: ‘ಬ್ಯುಸಿ’ ಎನ್ನುವುದು ಮೋಡೆಮ್‌ಮ್ಯಾನೇಜರ್ ಅದೇ ಟಿಟಿವೈಯುಎಸ್‌ಬಿ0 ಬಾಗಿಲನ್ನು ಹಿಡಿದು ಕೂತಾಗ. ಒಂದು ಬಾಗಿಲಿಗೆ ಇಬ್ಬರು ಆಗುವುದಿಲ್ಲ. ‘ಸುಡೊ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಮೋಡೆಮ್‌ಮ್ಯಾನೇಜರ್’ ಎಂದು ಅದನ್ನು ನಿಲ್ಲಿಸಿ ಡಯಲ್ ಮಾಡಿ. ಇಲ್ಲಿ ಆ ಹೆಸರಿನ ಎರಡೂ ಎಂ ದೊಡ್ಡಕ್ಷರ. ‘ಪರ್ಮಿಷನ್’ ತಕರಾರಿಗೆ ನಿಮ್ಮನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಬೇಕು: ‘ಸುಡೊ ಆಡ್‌ಯೂಸರ್’, ನಿಮ್ಮ ಬಳಕೆದಾರ ಹೆಸರು, ‘ಡಯಲ್‌ಔಟ್’. ಒಮ್ಮೆ ಲಾಗ್‌ಔಟ್ ಆಗಿ ಬಂದ ಮೇಲಷ್ಟೇ ಅದು ಜಾರಿಗೆ ಬರುತ್ತದೆ. ಫೋನ್ ನಂಬರ್ *99#, ‘ಸ್ಟುಪಿಡ್ ಮೋಡ್’ 1 ಎಂದಿರಲಿ. ಬಳಕೆದಾರ ಹೆಸರನ್ನು ಡಬ್ಲ್ಯುವಿಡಯಲ್‌ನಲ್ಲಿ ಮಾತ್ರ ಖಾಲಿ ಬಿಡಬೇಡಿ, ಯಾವುದಾದರೂ ಒಂದಕ್ಷರ ಹಾಕಿ. ಖಾಲಿ ಇದ್ದರೆ ಡಯಲ್ಲೇ ಮಾಡುವುದಿಲ್ಲ. ‘ನೋ ಕ್ಯಾರಿಯರ್’ ಎಂದು ಬಂದರೆ ಮೊದಲು ನೋಡಬೇಕಾದ್ದು ಎಪಿಎನ್, ಆಮೇಲೆ ಸಿಮ್ಮಿನ ಡೇಟಾ ಬಾಕಿ. ನೆನಪಿರಲಿ, ಡಬ್ಲ್ಯುವಿಡಯಲ್ ಟಿಟಿವೈಯುಎಸ್‌ಬಿ ಹೆಸರು ಕೊಡುವ ಡಾಂಗಲ್‌ಗಳಿಗಷ್ಟೇ. ಹೈಲಿಂಕ್ ತಂದರೆ ಇದನ್ನು ತೆಗೆದುಹಾಕಬಹುದು.